ಪ್ರಾಜೆಕ್ಟಿನ ಸ್ವಂತ ಜಾರ್ ಫೈಲಿಗೆ ಜಾವಾಡಾಕ್ ಜೋಡಿಸುವುದು ಹೇಗೆ?

"ಮೆಥಡ್ ಹೆಸರು ಬರುತ್ತೆ, ಆದ್ರೆ ಬ್ರ್ಯಾಕೆಟ್ ಒಳಗೆ ಆರ್ಗ್0, ಆರ್ಗ್1 ಅಂತ ತೋರಿಸುತ್ತೆ. ಯಾವುದಕ್ಕೆ ಏನು ಕೊಡ್ಬೇಕು ಸರ್?"

ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾದರೆ ಸಾಕು, ದಾವಣಗೆರೆಯ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು ಇದನ್ನೇ. ಮಂಡಿಗಳಿಗೆ, ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಮೂರು ನಾಲ್ಕು ಜನರ ಸಣ್ಣ ಆಫೀಸುಗಳಲ್ಲೂ ಇದೇ ತೊಂದರೆ. ಸೀನಿಯರ್ ಒಬ್ಬರು ಒಳ್ಳೆಯ ಲೈಬ್ರರಿ ಬರೆದಿರುತ್ತಾರೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುತ್ತಾರೆ. ಇಲ್ಲಿ ಉಳಿಯುವುದು ಒಂದು ಜಾರ್ ಫೈಲ್ ಮಾತ್ರ. ಅದರೊಳಗಿನ ತಿಳಿವಳಿಕೆ ಅವರ ಜೊತೆ ಬಸ್ ಹತ್ತಿರುತ್ತದೆ. ಇದಕ್ಕೆ ಮದ್ದು ಆ ಜಾರ್‌ಗೆ ಜಾವಾಡಾಕ್, ಅಂದರೆ ಕೋಡಿನ ವಿವರಣೆಯ ಪುಟಗಳನ್ನು, ಜೋಡಿಸುವುದು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೆನುಗಳ, ಬಟನ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಪರದೆಯ ಮೇಲೆ ಅವು ಇಂಗ್ಲಿಷ್‌ನಲ್ಲಿ ಕಾಣುತ್ತವೆ. ಫೈಲ್ ಹೆಸರು, ಆಪ್ಷನ್ ಏನೇ ಟೈಪ್ ಮಾಡಬೇಕಿದ್ದರೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಇದು ಯಾಕೆ ಅಷ್ಟು ಮುಖ್ಯ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಡಿಲೆಕ್ಕ.ಜಾರ್ ಅಂತ ಒಂದು ಲೈಬ್ರರಿ ಇದೆ. ಅದರಲ್ಲಿ ಖರ್ಚು ಲೆಕ್ಕ ಹಾಕುವ ಒಂದು ಮೆಥಡ್ ಇದೆ. ಅದಕ್ಕೆ ತೂಕ, ದರ, ಹಮಾಲಿ, ಕಮಿಷನ್, ಚೀಲಗಳ ಸಂಖ್ಯೆ ಈ ಐದನ್ನು ಕೊಡಬೇಕು. ಮೊದಲ ನಾಲ್ಕೂ ಡಬಲ್ ಟೈಪಿನವು, ಅಂದರೆ ದಶಮಾಂಶ ಸಂಖ್ಯೆಗಳು.

ಮೆಕ್ಕೆಜೋಳ 50 ಕ್ವಿಂಟಲ್, ಕ್ವಿಂಟಲ್‌ಗೆ 2000 ರೂಪಾಯಿ, 100 ಚೀಲ ಅಂದುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಈ ಅಂಕಿ ತೆಗೆದುಕೊಂಡಿದ್ದೇನೆ, ಮಾರುಕಟ್ಟೆಯ ದರ ಅಲ್ಲ. ಹಮಾಲಿ ಚೀಲಕ್ಕೆ 6 ರೂಪಾಯಿ, ಕಮಿಷನ್ ಶೇಕಡಾ 2. ಹಮಾಲಿ 600, ಕಮಿಷನ್ 2000, ಒಟ್ಟು 2600 ರೂಪಾಯಿ. ಈಗ ಕೋಡ್ ಬರೆಯುವವರು ಆರ್ಗ್2, ಆರ್ಗ್3 ನೋಡಿ ಊಹೆ ಮಾಡಿ, ಎರಡನ್ನೂ ಅದಲು ಬದಲು ಕೊಟ್ಟರು. ಹಮಾಲಿ 200 ಆಯಿತು, ಕಮಿಷನ್ 6000 ಆಯಿತು, ಒಟ್ಟು 6200. ಒಂದೇ ಬಿಲ್ಲಿನಲ್ಲಿ 3600 ರೂಪಾಯಿ ಜಾಸ್ತಿ! ಕಂಪೈಲರ್ ಏನೂ ಹೇಳುವುದಿಲ್ಲ. ಎರಡೂ ಡಬಲ್ ಅಲ್ವಾ, ಅದರ ಕಣ್ಣಿಗೆ ಎರಡೂ ಒಂದೇ. ಇನ್ನು ತೂಕವನ್ನು ಕೆಜಿಯಲ್ಲಿ ಕೊಡಬೇಕೋ ಕ್ವಿಂಟಲ್‌ನಲ್ಲೋ ಅನ್ನುವುದು ತಪ್ಪಿದರೆ ಲೆಕ್ಕ ನೂರು ಪಟ್ಟು ಏರುಪೇರಾಗುತ್ತದೆ.

ಜಾವಾಡಾಕ್ ಜೋಡಿಸಿದ್ದರೆ ಮೌಸ್ ಇಟ್ಟ ಕೂಡಲೇ "ಮೂರನೆಯದು ಹಮಾಲಿ, ಒಂದು ಚೀಲಕ್ಕೆ ಎಷ್ಟು ರೂಪಾಯಿ ಅಂತ ಕೊಡಿ" ಅನ್ನುವ ಮಾತು ಎದುರಿಗೇ ಬರುತ್ತಿತ್ತು.

ಮೊದಲು ಗೊತ್ತಿರಬೇಕಾದ ನಾಲ್ಕು ಪದ

ಜಾರ್ ಅಂದರೆ ಕಂಪೈಲ್ ಆದ ಕ್ಲಾಸ್ ಫೈಲ್‌ಗಳ ಗಂಟು. ನಿಜಕ್ಕೂ ಅದೊಂದು ಜಿಪ್ ಫೈಲೇ. ಕಂಪೈಲ್ ಆಗುವಾಗ ನೀವು ಬರೆದ ಕಾಮೆಂಟ್‌ಗಳೆಲ್ಲ ಬಿದ್ದುಹೋಗುತ್ತವೆ, ಪ್ಯಾರಾಮೀಟರ್ ಹೆಸರುಗಳೂ ಎಷ್ಟೋ ಸಲ ಉಳಿಯುವುದಿಲ್ಲ. ಆರ್ಗ್0, ಆರ್ಗ್1 ಬರುವುದು ಇದರಿಂದಲೇ.

ಜಾವಾಡಾಕ್ ಅಂದರೆ ಆ ಕಾಮೆಂಟ್‌ಗಳಿಂದ ತಯಾರಾಗುವ ಎಚ್‌ಟಿಎಂಎಲ್ ಪುಟಗಳು. ಅದೇ ಹೆಸರಿನ ಟೂಲ್ ಜೆಡಿಕೆ (ಜಾವಾ ಪ್ರೋಗ್ರಾಂ ತಯಾರಿಸುವ ಕಿಟ್) ಜೊತೆಗೇ ಬರುತ್ತದೆ.

ಸೋರ್ಸ್ ಜಾರ್ ಅಂದರೆ ಮೂಲ ಜಾವಾ ಫೈಲ್‌ಗಳನ್ನೇ ಕಟ್ಟಿಟ್ಟ ಗಂಟು. ಇದನ್ನು ಜೋಡಿಸಿದರೆ ಎಡಿಟರ್ ಕಾಮೆಂಟ್‌ಗಳನ್ನು ನೇರವಾಗಿ ಅದರಿಂದಲೇ ಓದಿಕೊಳ್ಳುತ್ತದೆ. ಆಗ ಜಾವಾಡಾಕ್ ಬೇರೆ ಬೇಕಂತಲೂ ಇಲ್ಲ.

ಕ್ಲಾಸ್‌ಪಾತ್ ಅಂದರೆ ಪ್ರೋಗ್ರಾಂಗೆ ಬೇಕಾದ ಕ್ಲಾಸ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕು ಅನ್ನುವ ಪಟ್ಟಿ.

ಹಾಗಾದರೆ ಸೋರ್ಸ್ ಜೋಡಿಸಬೇಕೋ ಜಾವಾಡಾಕೋ? ಲೈಬ್ರರಿ ನಿಮ್ಮದೇ, ಬಳಸುವವರೂ ನಿಮ್ಮ ತಂಡದವರೇ ಆದರೆ ಸೋರ್ಸ್ ಜೋಡಿಸಿ. ಡಿಬಗ್ ಮಾಡುವಾಗ, ಅಂದರೆ ತಪ್ಪು ಹುಡುಕುವಾಗ, ಒಳಗಿನ ಸಾಲಿನವರೆಗೂ ಹೋಗಿ ನೋಡಬಹುದು. ಲೈಬ್ರರಿಯನ್ನು ಹೊರಗಿನವರಿಗೆ ಕೊಡುತ್ತಿದ್ದರೆ, ಕೋಡ್ ತೋರಿಸುವ ಮನಸ್ಸಿಲ್ಲದಿದ್ದರೆ ಜಾವಾಡಾಕ್ ಮಾತ್ರ ಕೊಡಿ. ಎರಡೂ ಇದ್ದರೆ ಎರಡನ್ನೂ ಜೋಡಿಸಿ, ನಷ್ಟವಿಲ್ಲ.

ನೆಟ್‌ನಿಂದ ಬರುವ ದೊಡ್ಡ ಲೈಬ್ರರಿಗಳಿಗೆ ಈ ಕಷ್ಟ ಕಡಿಮೆ. ಮಾವೆನ್ ಸೆಂಟ್ರಲ್ ಅನ್ನುವ ಸಾರ್ವಜನಿಕ ಉಗ್ರಾಣಕ್ಕೆ ಜಾರ್ ಹಾಕುವವರು ಸೋರ್ಸ್ ಮತ್ತು ಜಾವಾಡಾಕ್ ಜಾರ್‌ಗಳನ್ನೂ ಜೊತೆಗೆ ಹಾಕಬೇಕು ಅನ್ನುವ ನಿಯಮವೇ ಇದೆ. ಅನಾಥವಾಗುವುದು ನಮ್ಮ ಪ್ರಾಜೆಕ್ಟಿನ ಲಿಬ್ ಫೋಲ್ಡರಿನಲ್ಲಿ ಕೂತಿರುವ ಸ್ವಂತ ಜಾರ್‌ಗಳು.

ಹಂತ 1: ಕಾಮೆಂಟ್ ಸರಿಯಾಗಿ ಬರೆಯಿರಿ

ಜಾವಾಡಾಕ್ ಓದಿಕೊಳ್ಳುವುದು ಎಲ್ಲ ಕಾಮೆಂಟನ್ನಲ್ಲ, ಒಂದು ವಿಶೇಷ ಬಗೆಯದನ್ನು. ಅದು ಒಂದು ಓರೆಗೆರೆ ಮತ್ತು ಎರಡು ನಕ್ಷತ್ರದಿಂದ ಶುರುವಾಗಬೇಕು. (ಜಾವಾ 23ರಿಂದ ಮೂರು ಓರೆಗೆರೆಯ ಇನ್ನೊಂದು ಬಗೆಯೂ ನಡೆಯುತ್ತದೆ.) ಒಂದೇ ನಕ್ಷತ್ರ ಹಾಕಿದರೆ ಅದು ಮಾಮೂಲಿ ಕಾಮೆಂಟ್, ಜಾವಾಡಾಕ್ ಅದನ್ನು ನೋಡುವುದೇ ಇಲ್ಲ. "ಪುಟ ತಯಾರಾಗಿದೆ, ಆದರೆ ಖಾಲಿ ಇದೆ" ಅನ್ನುವವರು ಮೊದಲು ಇದನ್ನೇ ನೋಡಿ.

ಮೊದಲ ವಾಕ್ಯದಲ್ಲಿ ಮೆಥಡ್ ಏನು ಮಾಡುತ್ತದೆ ಅಂತ ಬರೆಯಿರಿ. ಪಟ್ಟಿಯಲ್ಲಿ ಕಾಣುವುದು ಆ ವಾಕ್ಯ ಮಾತ್ರ. ಆಮೇಲೆ ಒಂದೊಂದು ಪ್ಯಾರಾಮೀಟರಿಗೂ @ಪ್ಯಾರಾಮ್ ಸಾಲು, ವಾಪಸ್ ಬರುವ ಬೆಲೆಗೆ @ರಿಟರ್ನ್ ಸಾಲು. ಇಲ್ಲಿ ಅಳತೆಯನ್ನು ಬರೆಯಲೇಬೇಕು. ಸುಮ್ನೆ "ತೂಕ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. "ತೂಕ, ಕ್ವಿಂಟಲ್‌ನಲ್ಲಿ, ಚೀಲದ ತೂಕ ಕಳೆದ ಮೇಲೆ" ಅಂತ ಬರೆದರೆ ಬಳಸುವವರು ನಿಮಗೆ ಫೋನ್ ಮಾಡಬೇಕಾಗಿಲ್ಲ.

ಕನ್ನಡದಲ್ಲೇ ಬರೆಯಬಹುದಾ ಅಂತ ಕೆಲವರು ಕೇಳುತ್ತಾರೆ. ಖಂಡಿತ ಬರೆಯಬಹುದು. ಮಂಡಿ ಲೆಕ್ಕದಂಥ ವಿಷಯಕ್ಕೆ ಕನ್ನಡವೇ ವಾಸಿ. ಹಮಾಲಿಗೆ ಇಂಗ್ಲಿಷ್ ಪದ ಹುಡುಕಿ ಬರೆದರೆ ಓದುವವರು ಅದನ್ನು ಮತ್ತೆ ಹಮಾಲಿ ಅಂತಲೇ ಅರ್ಥ ಮಾಡಿಕೊಳ್ಳಬೇಕು. ಆದರೆ ಕನ್ನಡದಲ್ಲಿ ಬರೆದರೆ ಮುಂದಿನ ಹಂತದಲ್ಲಿ ಒಂದು ಎಚ್ಚರಿಕೆ ಬೇಕು.

ಹಂತ 2: ಜಾವಾಡಾಕ್ ಪುಟಗಳನ್ನು ತಯಾರಿಸಿ

ಎಕ್ಲಿಪ್ಸ್, ಇಂಟೆಲಿಜೆ ಎರಡೂ ಜಾವಾ ಕೋಡ್ ಬರೆಯುವ ಎಡಿಟರ್‌ಗಳು. ಎಕ್ಲಿಪ್ಸ್‌ನಲ್ಲಿ ಲೈಬ್ರರಿಯ ಪ್ರಾಜೆಕ್ಟ್ ಆಯ್ಕೆ ಮಾಡಿ, ಪ್ರಾಜೆಕ್ಟ್ ಮೆನುವಿನಲ್ಲಿ ಜೆನರೇಟ್ ಜಾವಾಡಾಕ್ ಒತ್ತಿ. ಇಂಟೆಲಿಜೆಯಲ್ಲಿ ಟೂಲ್ಸ್ ಮೆನುವಿನ ಒಳಗೆ ಇದೇ ಹೆಸರಿನಲ್ಲಿದೆ. ಯಾವ ಫೋಲ್ಡರಿಗೆ ಬರೆಯಬೇಕು ಅಂತ ಕೇಳುತ್ತದೆ, ಡಾಕ್ ಅಂತ ಒಂದು ಫೋಲ್ಡರ್ ಕೊಡಿ.

ಇಲ್ಲಿ ಮೂರು ಕಡೆ ಎಡವುತ್ತಾರೆ.

ಒಂದು, ಎಕ್ಲಿಪ್ಸ್ "ಜಾವಾಡಾಕ್ ಕಮಾಂಡ್ ಎಲ್ಲಿದೆ" ಅಂತ ಕೇಳಿದಾಗ ಆ ಜಾಗ ಖಾಲಿ ಇರುತ್ತದೆ. ಆಗ ಜೆಡಿಕೆ ಫೋಲ್ಡರಿನ ಒಳಗಿನ ಬಿನ್ ಫೋಲ್ಡರಿಗೆ ಹೋಗಿ ಜಾವಾಡಾಕ್ ಅನ್ನುವ ಫೈಲನ್ನು ತೋರಿಸಿ. ಜೆಆರ್‌ಇ ಮಾತ್ರ ಇರುವ ಕಂಪ್ಯೂಟರಿನಲ್ಲಿ ಈ ಟೂಲ್ ಇರುವುದಿಲ್ಲ. ಜೆಆರ್‌ಇ ಪ್ರೋಗ್ರಾಂ ಓಡಿಸಲು ಮಾತ್ರ, ತಯಾರಿಸಲು ಜೆಡಿಕೆ ಬೇಕು.

ಎರಡು, ಕನ್ನಡದ ಬದಲು ಪ್ರಶ್ನೆ ಚಿಹ್ನೆ, ಚೌಕ, ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಇದು ಎನ್‌ಕೋಡಿಂಗ್ ತೊಂದರೆ, ಅಂದರೆ ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಅನ್ನುವ ಗೊಂದಲ. ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳು ಆಪರೇಟಿಂಗ್ ಸಿಸ್ಟಂ ಏನು ಹೇಳುತ್ತದೋ ಅದನ್ನೇ ಹಿಡಿಯುತ್ತಿದ್ದವು. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಭಾಷೆಗೂ ಆಗುವ ಪದ್ಧತಿ) ಆಗಿರುವುದಿಲ್ಲ. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಸಿಗುತ್ತದೆ. ಆದರೆ ನಮ್ಮಲ್ಲಿ ಜಾವಾ 8, 11 ಇರುವ ಕಂಪ್ಯೂಟರ್‌ಗಳು ಇನ್ನೂ ಬೇಕಾದಷ್ಟಿವೆ. ಅಲ್ಲಿ ಎಕ್ಸ್‌ಟ್ರಾ ಆಪ್ಷನ್ಸ್ ಜಾಗದಲ್ಲಿ ಎನ್‌ಕೋಡಿಂಗ್, ಡಾಕ್‌ಎನ್‌ಕೋಡಿಂಗ್, ಚಾರ್‌ಸೆಟ್ ಈ ಮೂರೂ ಆಪ್ಷನ್‌ಗಳಿಗೆ ಯುಟಿಎಫ್-8 ಅಂತ ಕೊಡಿ. ಒಂದೊಂದು ಆಪ್ಷನ್ ಹೆಸರಿನ ಶುರುವಿನಲ್ಲೂ ಒಂದು ಅಡ್ಡಗೆರೆ ಇರಲಿ. ಮೊದಲನೆಯದು ಓದುವುದಕ್ಕೆ, ಎರಡನೆಯದು ಬರೆಯುವುದಕ್ಕೆ, ಮೂರನೆಯದು ಬ್ರೌಸರಿಗೆ ಹೇಳುವುದಕ್ಕೆ. ಜಾವಾ ಫೈಲ್‌ಗಳೂ ಯುಟಿಎಫ್-8ನಲ್ಲೇ ಸೇವ್ ಆಗಿರಬೇಕು. ಎಕ್ಲಿಪ್ಸ್‌ನಲ್ಲಿ ಪ್ರಿಫರೆನ್ಸಸ್, ಜನರಲ್, ವರ್ಕ್‌ಸ್ಪೇಸ್‌ಗೆ ಹೋದರೆ ಟೆಕ್ಸ್ಟ್ ಫೈಲ್ ಎನ್‌ಕೋಡಿಂಗ್ ಸಿಗುತ್ತದೆ.

ಮೂರು, ಕಾಮೆಂಟಿನಲ್ಲಿ "ತೂಕ < 100" ಅಂತ ಬರೆದಿದ್ದಕ್ಕೆ ಎರರ್ ಬರುತ್ತದೆ. ಜಾವಾ 8ರಿಂದ ಈ ಟೂಲ್ ಕಾಮೆಂಟ್ ಒಳಗಿನ ಎಚ್‌ಟಿಎಂಎಲ್ ಅನ್ನು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡುತ್ತದೆ. ಕಡಿಮೆ ಚಿಹ್ನೆಯನ್ನು ಅದು ಟ್ಯಾಗ್ ಅಂತ ತಿಳಿಯುತ್ತದೆ. ಚಿಹ್ನೆ ತೆಗೆದು "100ಕ್ಕಿಂತ ಕಡಿಮೆ" ಅಂತ ಬರೆಯಿರಿ, ಮುಗಿಯಿತು. ಡಾಕ್‌ಲಿಂಟ್ ಅನ್ನುವ ಆ ಪರೀಕ್ಷೆಯನ್ನೇ ಆಫ್ ಮಾಡುವ ಆಪ್ಷನ್ ಇದೆ, ಆದರೆ ಹೊಸದಾಗಿ ಬರೆಯುವವರು ಅದರ ಹತ್ತಿರ ಹೋಗಬೇಡಿ. ಆ ಪರೀಕ್ಷೆ ನಿಮ್ಮ ತಪ್ಪು ಹೆಸರಿನ @ಪ್ಯಾರಾಮ್‌ಗಳನ್ನೂ ಹಿಡಿದುಕೊಡುತ್ತದೆ.

ಹಂತ 3: ಗಂಟು ಕಟ್ಟಿ, ಪ್ರಾಜೆಕ್ಟಿನ ಒಳಗೇ ಇಡಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ.

ಡಾಕ್ ಫೋಲ್ಡರ್ ತೆರೆಯಿರಿ. ಒಳಗಿರುವುದೆಲ್ಲವನ್ನೂ ಆಯ್ಕೆ ಮಾಡಿ ಜಿಪ್ ಮಾಡಿ. ಹೊರಗಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪ್ ಮಾಡಬೇಡಿ. ಹಾಗೆ ಮಾಡಿದರೆ ಜಿಪ್ ಒಳಗೆ ಡಾಕ್ ಅನ್ನುವ ಇನ್ನೊಂದು ಫೋಲ್ಡರ್ ಸೇರಿಕೊಂಡು, ಎಡಿಟರ್ ಹುಡುಕುವ ಜಾಗದಲ್ಲಿ ಏನೂ ಸಿಗುವುದಿಲ್ಲ. ಜಿಪ್ ತೆರೆದ ತಕ್ಷಣ ಇಂಡೆಕ್ಸ್.ಎಚ್‌ಟಿಎಂಎಲ್ ಕಾಣಬೇಕು. ಅದರ ಪಕ್ಕದಲ್ಲೇ ಪ್ಯಾಕೇಜ್-ಲಿಸ್ಟ್ ಅಥವಾ ಎಲಿಮೆಂಟ್-ಲಿಸ್ಟ್ ಅನ್ನುವ ಸಣ್ಣ ಫೈಲ್ ಇರಬೇಕು. ಮೊದಲನೆಯದು ಹಳೆಯ ಜಾವಾದ್ದು, ಎರಡನೆಯದು ಜಾವಾ 10ರಿಂದ ಈಚೆಗಿನದು. ಒಳಗೆ ಯಾವ ಯಾವ ಪ್ಯಾಕೇಜ್ ಇವೆ ಅನ್ನುವ ಪಟ್ಟಿ ಅದು. "ಇದೇನೋ ಬೇಡದ ಫೈಲ್" ಅಂತ ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಅಳಿಸಬೇಡಿ.

ಈಗ ಹೆಸರು. ಲೈಬ್ರರಿ ಮಂಡಿಲೆಕ್ಕ-2.1.ಜಾರ್ ಆದರೆ ಜಾವಾಡಾಕ್ ಮಂಡಿಲೆಕ್ಕ-2.1-ಜಾವಾಡಾಕ್.ಜಾರ್ ಆಗಲಿ, ಸೋರ್ಸ್ ಮಂಡಿಲೆಕ್ಕ-2.1-ಸೋರ್ಸಸ್.ಜಾರ್ ಆಗಲಿ. ಜಿಪ್ ಫೈಲಿನ ಬಾಲವನ್ನು ಜಾರ್ ಅಂತ ಬದಲಾಯಿಸಿದರೆ ಸಾಕು. ಈ ಹೆಸರಿನ ರೂಢಿ ಮಾವೆನ್ ಎಂಬ ಬಿಲ್ಡ್ ಟೂಲಿನದು. ಆವೃತ್ತಿಯ ನಂಬರ್ ಹಾಕುವುದನ್ನು ತಪ್ಪಿಸಬೇಡಿ. ಲೈಬ್ರರಿ 2.1ಕ್ಕೆ ಹೋಗಿ ಜಾವಾಡಾಕ್ 2.0ರಲ್ಲೇ ಉಳಿದರೆ, ಏನೂ ಇಲ್ಲದಿರುವುದಕ್ಕಿಂತ ಅದು ಜಾಸ್ತಿ ಅಪಾಯ. ಓದುವವರು ಅದನ್ನು ನಂಬುತ್ತಾರೆ. ಸೋರ್ಸ್ ಹಳೆಯದಾದರೆ ಡಿಬಗ್ ಮಾಡುವಾಗ ಬ್ರೇಕ್‌ಪಾಯಿಂಟ್ ಎಲ್ಲೋ ಸಂಬಂಧವಿಲ್ಲದ ಸಾಲಿನಲ್ಲಿ ನಿಲ್ಲುತ್ತದೆ.

ಮೂರನ್ನೂ ಪ್ರಾಜೆಕ್ಟಿನ ಲಿಬ್ ಫೋಲ್ಡರಿನಲ್ಲೇ ಇಡಿ. ಡೆಸ್ಕ್‌ಟಾಪ್ ಬೇಡ, ಡೌನ್‌ಲೋಡ್ಸ್ ಬೇಡ, ಡಿ ಡ್ರೈವ್ ಬೇಡ. ಆದರೆ ಕ್ಲಾಸ್‌ಪಾತ್‌ಗೆ ಮೊದಲನೆಯದನ್ನು ಮಾತ್ರ ಸೇರಿಸಿ. ಉಳಿದೆರಡು ಅದರ ಪಕ್ಕದಲ್ಲಿ ಸುಮ್ಮನೆ ಕೂತಿರಲಿ. ಜಾವಾಡಾಕ್ ಜಾರನ್ನೂ ಕ್ಲಾಸ್‌ಪಾತ್‌ಗೆ ಸೇರಿಸಿ "ಆದ್ರೂ ಬರ್ತಿಲ್ಲ" ಅನ್ನುವವರು ಬಹಳ ಜನ. ಕ್ಲಾಸ್‌ಪಾತ್ ಕ್ಲಾಸ್‌ಗಳಿಗೆ ಮಾತ್ರ. ದಾಖಲೆಯನ್ನು ಆ ಜಾರ್‌ಗೇ ಅಂಟಿಸಬೇಕು.

ಹಂತ 4: ಎಕ್ಲಿಪ್ಸ್‌ನಲ್ಲಿ ಜೋಡಿಸುವುದು

1. ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಬಿಲ್ಡ್ ಪಾತ್, ಅದರಲ್ಲಿ ಕಾನ್ಫಿಗರ್ ಬಿಲ್ಡ್ ಪಾತ್ ತೆರೆಯಿರಿ.

2. ಲೈಬ್ರರೀಸ್ ಟ್ಯಾಬ್‌ಗೆ ಹೋಗಿ. ಜಾರ್ ಇನ್ನೂ ಸೇರಿಸಿಲ್ಲದಿದ್ದರೆ ಆ್ಯಡ್ ಜಾರ್ಸ್ ಒತ್ತಿ ಲಿಬ್ ಫೋಲ್ಡರಿನಿಂದ ಆರಿಸಿ. ಪಕ್ಕದ ಆ್ಯಡ್ ಎಕ್ಸ್‌ಟರ್ನಲ್ ಜಾರ್ಸ್ ಬೇಡ. ಅದು ನಿಮ್ಮ ಕಂಪ್ಯೂಟರಿನ ಪೂರ್ತಿ ವಿಳಾಸವನ್ನು ಬರೆದುಕೊಳ್ಳುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಆ ವಿಳಾಸವೇ ಇರುವುದಿಲ್ಲ.

3. ಜಾರ್ ಹೆಸರಿನ ಎಡಗಡೆಯ ಸಣ್ಣ ಬಾಣ ಒತ್ತಿ. ಕೆಳಗೆ ಸೋರ್ಸ್ ಅಟ್ಯಾಚ್‌ಮೆಂಟ್, ಜಾವಾಡಾಕ್ ಲೊಕೇಶನ್ ಎಂಬ ಸಾಲುಗಳು ಬಿಚ್ಚಿಕೊಳ್ಳುತ್ತವೆ. ಎರಡರ ಮುಂದೆಯೂ "ಇಲ್ಲ" ಅಂತ ಇರುತ್ತದೆ. ಈ ಬಾಣ ಒತ್ತದೆ ಎಡಿಟ್ ಬಟನ್ ಹುಡುಕಿ ಸುಸ್ತಾಗುವವರೇ ಜಾಸ್ತಿ.

4. ಜಾವಾಡಾಕ್ ಲೊಕೇಶನ್ ಆರಿಸಿ ಎಡಿಟ್ ಒತ್ತಿ. ಎರಡು ದಾರಿ ಕಾಣುತ್ತವೆ. ಮೊದಲನೆಯದು ಜಾವಾಡಾಕ್ ಯುಆರ್‌ಎಲ್, ಎರಡನೆಯದು ಜಾವಾಡಾಕ್ ಇನ್ ಆರ್ಕೈವ್. ಎರಡನೆಯದನ್ನು ಹಿಡಿಯಿರಿ. ಅದರೊಳಗೆ ವರ್ಕ್‌ಸ್ಪೇಸ್ ಫೈಲ್ ಆರಿಸಿ, ಲಿಬ್ ಫೋಲ್ಡರಿನ ಜಾವಾಡಾಕ್ ಜಾರ್ ತೋರಿಸಿ.

5. ಪಾತ್ ವಿದಿನ್ ಆರ್ಕೈವ್ ಜಾಗವನ್ನು ಖಾಲಿ ಬಿಡಿ. ಜಿಪ್ ಒಳಗೆ ಇನ್ನೊಂದು ಫೋಲ್ಡರ್ ಇದ್ದರೆ ಮಾತ್ರ ಅದರ ಹೆಸರು ಕೊಡಿ.

6. ವ್ಯಾಲಿಡೇಟ್ ಒತ್ತಿ, ಸರಿ ಇದೆ ಅಂದ ಮೇಲೆ ಓಕೆ, ಕೊನೆಗೆ ಅಪ್ಲೈ ಆ್ಯಂಡ್ ಕ್ಲೋಸ್.

7. ಸೋರ್ಸ್ ಇದ್ದರೆ ಸೋರ್ಸ್ ಅಟ್ಯಾಚ್‌ಮೆಂಟ್ ಸಾಲಿಗೂ ಹೀಗೇ ಮಾಡಿ. ಅಲ್ಲಿ ವರ್ಕ್‌ಸ್ಪೇಸ್ ಲೊಕೇಶನ್ ಆರಿಸಿ.

ಯುಆರ್‌ಎಲ್ ದಾರಿ ಯಾಕೆ ಬೇಡ ಅಂದೆ? ಅಲ್ಲಿ ಬ್ರೌಸ್ ಒತ್ತಿ ಫೋಲ್ಡರ್ ತೋರಿಸಿದರೆ ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಒಳಗೆ ಅದು ಸಿ ಡ್ರೈವ್‌ನಿಂದ ಶುರುವಾಗುವ ಪೂರ್ತಿ ವಿಳಾಸವನ್ನೇ ಬರೆದಿಡುತ್ತದೆ. ಆರ್ಕೈವ್ ಮತ್ತು ವರ್ಕ್‌ಸ್ಪೇಸ್ ಫೈಲ್ ಆರಿಸಿದರೆ "ಈ ಪ್ರಾಜೆಕ್ಟಿನ ಲಿಬ್ ಒಳಗೆ" ಅಂತ ಬರೆದಿಡುತ್ತದೆ. ಪ್ರಾಜೆಕ್ಟ್ ಹರಿಹರಕ್ಕೆ ಹೋದರೂ ಚಿತ್ರದುರ್ಗಕ್ಕೆ ಹೋದರೂ ಜೊತೆಗೇ ಹೋಗುತ್ತದೆ. ನೆಟ್ ಇಲ್ಲದ ಲ್ಯಾಬ್‌ನಲ್ಲೂ ಕೆಲಸ ಮಾಡುತ್ತದೆ. ಈ ವಿವರವೆಲ್ಲ ಉಳಿಯುವುದು ಪ್ರಾಜೆಕ್ಟಿನ ಮುಖ್ಯ ಫೋಲ್ಡರಿನಲ್ಲೇ ಇರುವ .ಕ್ಲಾಸ್‌ಪಾತ್ ಎಂಬ ಫೈಲಿನಲ್ಲಿ. ಚುಕ್ಕೆಯಿಂದ ಶುರುವಾಗುವುದರಿಂದ ಕೆಲವು ಕಡೆ ಅದು ಕಾಣುವುದಿಲ್ಲ. ಪ್ರಾಜೆಕ್ಟ್ ಕಾಪಿ ಮಾಡುವಾಗ, ಗಿಟ್‌ಗೆ (ತಂಡದವರು ಕೋಡ್ ಹಂಚಿಕೊಳ್ಳುವ ಟೂಲ್) ಹಾಕುವಾಗ ಅದು ಸೇರಿದೆಯಾ ನೋಡಿ.

ಒಂದು ಸಣ್ಣ ತೊಡಕಿದೆ. ಆ ಫೈಲಿನ ಒಳಗೆ ಪ್ರಾಜೆಕ್ಟಿನ ಹೆಸರೂ ಇರುತ್ತದೆ. ಆಮೇಲೆ ಪ್ರಾಜೆಕ್ಟ್ ಹೆಸರು ಬದಲಾಯಿಸಿದರೆ ಜೋಡಣೆ ತಪ್ಪಬಹುದು. ಹಾಗಾದರೆ ನಾಲ್ಕನೇ ಹೆಜ್ಜೆಯನ್ನು ಮತ್ತೆ ಮಾಡಿ.

ಈಗ ಮೆಥಡ್ ಹೆಸರಿನ ಮೇಲೆ ಮೌಸ್ ಇಡಿ. ವಿವರ ಬರುತ್ತದೆ. ಎಫ್2 ಒತ್ತಿದರೆ ಆ ಪೆಟ್ಟಿಗೆ ನಿಂತುಕೊಳ್ಳುತ್ತದೆ, ಸ್ಕ್ರೋಲ್ ಮಾಡಿ ಓದಬಹುದು. ಶಿಫ್ಟ್ ಜೊತೆ ಎಫ್2 ಒತ್ತಿದರೆ ಜೋಡಿಸಿದ ಜಾವಾಡಾಕ್ ಪುಟವೇ ತೆರೆಯುತ್ತದೆ.

ಹಂತ 5: ಇಂಟೆಲಿಜೆಯಲ್ಲಿ

ಇದು ಇನ್ನೂ ಸುಲಭ. ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರರ ಜೊತೆ ಎಸ್ ಒತ್ತಿ, ಪ್ರಾಜೆಕ್ಟ್ ಸ್ಟ್ರಕ್ಚರ್ ತೆರೆಯುತ್ತದೆ. ಎಡಗಡೆ ಲೈಬ್ರರೀಸ್ ಆರಿಸಿ, ನಿಮ್ಮ ಜಾರ್ ಆರಿಸಿ. ಬಲಗಡೆಯ ಪ್ಲಸ್ ಒತ್ತಿ ಜಾವಾಡಾಕ್ ಜಾರ್ ತೋರಿಸಿ. ಅದು ಕ್ಲಾಸಾ, ಸೋರ್ಸಾ, ಜಾವಾಡಾಕಾ ಅಂತ ಇಂಟೆಲಿಜೆ ತಾನೇ ಗುರುತಿಸಿ ಆಯಾ ಗುಂಪಿಗೆ ಹಾಕುತ್ತದೆ. ಸೋರ್ಸ್ ಜಾರ್‌ಗೂ ಹೀಗೇ. ಭೂಗೋಳದ ಚಿತ್ರವಿರುವ ಇನ್ನೊಂದು ಪ್ಲಸ್ ಇದೆ, ಅದು ನೆಟ್‌ನಲ್ಲಿರುವ ಜಾವಾಡಾಕ್‌ನ ವಿಳಾಸ ಕೊಡಲು.

ಲೈಬ್ರರೀಸ್ ಪಟ್ಟಿಯಲ್ಲಿ ಜಾರ್ ಕಾಣದಿದ್ದರೆ ಗಾಬರಿ ಬೇಡ. ಅದನ್ನು ಮಾಡ್ಯೂಲ್‌ಗೆ ಮಾತ್ರ ಸೇರಿಸಿರುತ್ತಾರೆ. ಮಾಡ್ಯೂಲ್ಸ್, ಡಿಪೆಂಡೆನ್ಸೀಸ್‌ಗೆ ಹೋಗಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ.

ನೋಡಲು ಕಂಟ್ರೋಲ್ ಜೊತೆ ಕ್ಯೂ. ಹೊರಗಿನ ಪುಟ ತೆರೆಯಲು ಶಿಫ್ಟ್ ಜೊತೆ ಎಫ್1.

ಈ ಜೋಡಣೆ ಉಳಿಯುವುದು .ಐಡಿಯಾ ಫೋಲ್ಡರ್ ಒಳಗಿನ ಲೈಬ್ರರೀಸ್ ಫೋಲ್ಡರಿನಲ್ಲಿ. ತುಂಬಾ ಜನ ಇಡೀ .ಐಡಿಯಾ ಫೋಲ್ಡರನ್ನೇ ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿಗೆ, ಹಾಕಿಬಿಟ್ಟಿರುತ್ತಾರೆ. ಆಗ ನಿಮ್ಮ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಪಕ್ಕದ ಸೀಟಿನವರಿಗೂ ತಲುಪುವುದಿಲ್ಲ. ಆ ಒಳಗಿನ ಲೈಬ್ರರೀಸ್ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಿ.

ಹಂತ 6: ಮಾವೆನ್ ಅಥವಾ ಗ್ರೇಡಲ್ ಇದ್ದರೆ

ಇವೆರಡೂ ಬಿಲ್ಡ್ ಟೂಲ್‌ಗಳು. ಯಾವ ಜಾರ್ ಬೇಕು ಅಂತ ಒಂದು ಫೈಲಿನಲ್ಲಿ ಬರೆದರೆ ತಾವೇ ತಂದು ಜೋಡಿಸುತ್ತವೆ. ಇಲ್ಲಿ ನಾಲ್ಕನೇ, ಐದನೇ ಹಂತದಂತೆ ಕೈಯಿಂದ ಜೋಡಿಸಿದರೆ ಒಂದು ದಿನ ಕೆಲಸ ಮಾಡುತ್ತದೆ. ಮರುದಿನ ಬಿಲ್ಡ್ ಫೈಲ್ ಬದಲಾಗಿ ಪ್ರಾಜೆಕ್ಟ್ ಮತ್ತೆ ಸಿಂಕ್ ಆದ ಕೂಡಲೇ ಅಳಿಸಿಹೋಗಬಹುದು. ಇಂಟೆಲಿಜೆ ಈ ಎಚ್ಚರಿಕೆಯನ್ನು ಪರದೆಯ ಮೇಲೆ ತೋರಿಸುತ್ತದೆ ಕೂಡ. ನಾವು ಓದುವುದಿಲ್ಲ, ಅಷ್ಟೇ. ಆಂಡ್ರಾಯ್ಡ್ ಸ್ಟುಡಿಯೋ ಬಳಸುವವರಿಗೂ ಇದೇ ಮಾತು, ಅದರ ಹಿಂದಿರುವುದು ಗ್ರೇಡಲ್.

ಸರಿಯಾದ ದಾರಿ ಅಂದರೆ ನಿಮ್ಮ ಜಾರನ್ನೂ ಮಾವೆನ್ ರೀತಿಯ ಒಂದು ರೆಪಾಸಿಟರಿಗೆ ಹಾಕುವುದು. ರೆಪಾಸಿಟರಿ ಅಂದರೆ ಜಾರ್‌ಗಳ ಉಗ್ರಾಣ. ಮಾವೆನ್‌ನ ಇನ್‌ಸ್ಟಾಲ್-ಫೈಲ್ ಎಂಬ ಕಮಾಂಡಿಗೆ ಫೈಲ್, ಗ್ರೂಪ್ ಐಡಿ, ಆರ್ಟಿಫ್ಯಾಕ್ಟ್ ಐಡಿ, ಆವೃತ್ತಿ, ಪ್ಯಾಕೇಜಿಂಗ್ ಕೊಡುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಸೋರ್ಸಸ್ ಮತ್ತು ಜಾವಾಡಾಕ್ ಅಂತ ಇನ್ನೆರಡು ಆಪ್ಷನ್ ಕೊಡಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆ ಎರಡನ್ನೂ ಕೊಟ್ಟರೆ ಮೂರು ಜಾರ್‌ಗಳೂ ಒಟ್ಟಿಗೆ ಉಗ್ರಾಣ ಸೇರುತ್ತವೆ. ಆಮೇಲೆ ಎಡಿಟರ್ ತಾನೇ ಹುಡುಕಿಕೊಳ್ಳುತ್ತದೆ.

ಈ ಕಮಾಂಡ್ ಜಾರನ್ನು ನಿಮ್ಮ ಕಂಪ್ಯೂಟರಿನ .ಎಂ2 ಫೋಲ್ಡರಿಗೆ ಹಾಕುತ್ತದೆ. ತಂಡದ ಉಳಿದವರಿಗೆ ಅದು ಸಿಗುವುದಿಲ್ಲ. ಸಣ್ಣ ತಂಡವಾದರೆ ಪ್ರಾಜೆಕ್ಟಿನ ಒಳಗೇ ರೆಪೋ ಅಂತ ಒಂದು ಫೋಲ್ಡರ್ ಮಾಡಿ, .ಎಂ2ನಲ್ಲಿ ಇರುವ ಫೋಲ್ಡರ್ ಜೋಡಣೆಯಂತೆಯೇ ಅಲ್ಲಿ ಇಟ್ಟು, ಬಿಲ್ಡ್ ಫೈಲಿನಲ್ಲಿ ಅದನ್ನೂ ಒಂದು ಮಾವೆನ್ ರೆಪಾಸಿಟರಿ ಅಂತ ಹೇಳಿ. ಗ್ರೇಡಲ್‌ಗೂ ಇದೇ ಫೋಲ್ಡರ್ ಆಗುತ್ತದೆ. ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು, ಆದರೆ ಆಮೇಲೆ ಯಾರೂ ಕೈ ಹಾಕಬೇಕಾಗಿಲ್ಲ.

ಮಾವೆನ್‌ನಲ್ಲಿ ಸ್ಕೋಪ್ ಸಿಸ್ಟಂ ಅಂತ ಬರೆದು ಲಿಬ್ ಫೋಲ್ಡರಿನ ಜಾರ್‌ಗೆ ದಾರಿ ತೋರಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದು ಬೇಡ. ಮಾವೆನ್‌ನವರೇ ಅದನ್ನು ಬಳಸಬೇಡಿ ಅನ್ನುತ್ತಾರೆ. ಉಗ್ರಾಣದಿಂದ ಬಾರದ ಜಾರ್‌ಗೆ ಸೋರ್ಸ್, ಜಾವಾಡಾಕ್ ತಾನಾಗಿ ಜೋಡಣೆಯಾಗುವುದೂ ಇಲ್ಲ.

ಜಾರ್‌ಗಳು ಉಗ್ರಾಣದಲ್ಲಿದ್ದೂ ವಿವರ ಬರದಿದ್ದರೆ, ಎಕ್ಲಿಪ್ಸ್‌ನಲ್ಲಿ ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್, ಮಾವೆನ್, ಡೌನ್‌ಲೋಡ್ ಜಾವಾಡಾಕ್ ಒತ್ತಿ. ಇಂಟೆಲಿಜೆಯಲ್ಲಿ ಮಾವೆನ್ ಸೆಟ್ಟಿಂಗ್ಸ್‌ನ ಇಂಪೋರ್ಟಿಂಗ್ ಭಾಗದಲ್ಲಿ ಸೋರ್ಸಸ್, ಡಾಕ್ಯುಮೆಂಟೇಶನ್ ಎರಡಕ್ಕೂ ಟಿಕ್ ಹಾಕಿ.

ವಿಎಸ್ ಕೋಡ್, ಮತ್ತೆ ಹಳೆಯ ಆಂಡ್ರಾಯ್ಡ್ ಪ್ರಾಜೆಕ್ಟ್

ವಿಎಸ್ ಕೋಡ್‌ನಲ್ಲಿ ಬಿಲ್ಡ್ ಟೂಲ್ ಇಲ್ಲದ ಪ್ರಾಜೆಕ್ಟಿಗೆ ಸೆಟ್ಟಿಂಗ್ಸ್ ಫೈಲಿನಲ್ಲಿ ರೆಫರೆನ್ಸ್ಡ್ ಲೈಬ್ರರೀಸ್ ಅಂತ ಒಂದು ಜಾಗ ಇದೆ. ಅದರ ಇನ್‌ಕ್ಲೂಡ್ ಭಾಗದಲ್ಲಿ ಜಾರ್‌ಗಳ ದಾರಿ, ಸೋರ್ಸಸ್ ಭಾಗದಲ್ಲಿ ಯಾವ ಜಾರ್‌ಗೆ ಯಾವ ಸೋರ್ಸ್ ಜಾರ್ ಅನ್ನುವ ಜೋಡಿ ಬರೆಯಿರಿ. ಇಲ್ಲಿ ಸೋರ್ಸ್ ಜೋಡಿಸುವುದೇ ನೇರ ದಾರಿ. ಅದರೊಳಗಿನ ಕಾಮೆಂಟ್‌ಗಳು ಮೌಸ್ ಇಟ್ಟಾಗ ಕಾಣುತ್ತವೆ.

ಸೀನಿಯರ್‌ಗಳಿಂದ ಬಂದ ಎಕ್ಲಿಪ್ಸ್ ಕಾಲದ ಆಂಡ್ರಾಯ್ಡ್ ಪ್ರಾಜೆಕ್ಟ್ ಇನ್ನೂ ಕೆಲವರ ಹತ್ತಿರ ಇದೆ. ಅದರಲ್ಲಿ ಲಿಬ್ಸ್ ಫೋಲ್ಡರಿನ ಜಾರ್‌ಗಳಿಗೆ ಎಡಿಟ್ ಬಟನ್ ಕೆಲಸ ಮಾಡುವುದಿಲ್ಲ. ಅಲ್ಲಿ ಜಾರ್‌ನ ಪೂರ್ತಿ ಹೆಸರಿನ ಕೊನೆಗೆ .ಪ್ರಾಪರ್ಟೀಸ್ ಸೇರಿಸಿ ಒಂದು ಸಣ್ಣ ಫೈಲ್ ಮಾಡಬೇಕು. ಒಳಗೆ ಡಾಕ್ ಸಮ ಜಾವಾಡಾಕ್ ಫೋಲ್ಡರಿನ ದಾರಿ, ಎಸ್‌ಆರ್‌ಸಿ ಸಮ ಸೋರ್ಸ್‌ನ ದಾರಿ, ಹೀಗೆ ಎರಡು ಸಾಲು. ಆಮೇಲೆ ಪ್ರಾಜೆಕ್ಟ್ ಮುಚ್ಚಿ ಮತ್ತೆ ತೆರೆಯಿರಿ. ಆದರೆ ಎಕ್ಲಿಪ್ಸ್‌ನ ಆ ಆಂಡ್ರಾಯ್ಡ್ ಟೂಲ್‌ಗೆ ಗೂಗಲ್ 2015ರ ಕೊನೆಗೇ ಬೆಂಬಲ ನಿಲ್ಲಿಸಿದೆ. ಹೊಸ ಕೆಲಸವನ್ನು ಅದರಲ್ಲಿ ಶುರು ಮಾಡಬೇಡಿ.

ಹಂತ 7: ಬರಲಿಲ್ಲ ಅಂದರೆ ಎಲ್ಲಿ ನೋಡಬೇಕು

ಎಕ್ಲಿಪ್ಸ್ ಎರಡು ಬಗೆಯ ಸಂದೇಶ ಕೊಡುತ್ತದೆ. ನೋಡಲು ಒಂದೇ ಥರ ಇವೆ, ಅರ್ಥ ಬೇರೆ. "ಸೋರ್ಸೂ ಇಲ್ಲ, ಜಾವಾಡಾಕೂ ಜೋಡಿಸಿಲ್ಲ" ಅಂದರೆ ಜೋಡಣೆಯೇ ಆಗಿಲ್ಲ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ, ಬೇರೆ ಜಾರ್‌ಗೆ ಜೋಡಿಸಿದ್ದೀರಾ ನೋಡಿ. "ಜೋಡಿಸಿದ ಜಾವಾಡಾಕ್‌ನಲ್ಲಿ ಸಿಗಲಿಲ್ಲ" ಅಂದರೆ ಜೋಡಣೆ ಆಗಿದೆ, ಒಳಗಿನ ದಾರಿ ತಪ್ಪಿದೆ ಅಥವಾ ಆವೃತ್ತಿ ಬೇರೆ. ಜಿಪ್ ತೆರೆದು ಇಂಡೆಕ್ಸ್ ಫೈಲ್ ಎಲ್ಲಿದೆ ನೋಡಿ.

ಕೆಲವು ಮೆಥಡ್‌ಗಳಿಗೆ ಬಂದು ಕೆಲವಕ್ಕೆ ಬರದಿದ್ದರೆ ಆ ಮೆಥಡ್ ಪಬ್ಲಿಕ್ ಆಗಿದೆಯಾ ನೋಡಿ. ಜಾವಾಡಾಕ್ ತಯಾರಿಸುವಾಗ ಪಬ್ಲಿಕ್ ಮಾತ್ರ ಅಂತ ಆರಿಸಿದ್ದರೆ ಪ್ರೊಟೆಕ್ಟೆಡ್ ಮೆಥಡ್‌ಗಳು ಪುಟಕ್ಕೆ ಬರುವುದೇ ಇಲ್ಲ.

ಸೋರ್ಸ್ ಕಳೆದೇಹೋಗಿದೆ, ಜಾವಾಡಾಕೂ ಇಲ್ಲ ಅನ್ನುವವರು ಎಡಿಟರ್ ತೋರಿಸುವ ಡಿಕಂಪೈಲ್ ಆದ (ಕ್ಲಾಸ್ ಫೈಲಿನಿಂದ ವಾಪಸ್ ಬಿಡಿಸಿದ) ಕೋಡ್ ನೋಡಿ, ಒಂದೊಂದು ಮೆಥಡ್ ಏನು ಮಾಡುತ್ತದೆ ಅಂತ ಒಂದು ಪುಟದಲ್ಲಿ ಬರೆದು ಲಿಬ್ ಫೋಲ್ಡರಿನಲ್ಲೇ ಇಡಿ. ಸೋರ್ಸ್ ಇನ್ನೂ ಕೈಯಲ್ಲಿದ್ದವರು ಜಾರನ್ನು ಹೊಸದಾಗಿ ಕಂಪೈಲ್ ಮಾಡುವಾಗ ಪ್ಯಾರಾಮೀಟರ್ಸ್ ಅನ್ನುವ ಆಪ್ಷನ್ ಕೊಡಿ. ಜಾವಾ 8ರಿಂದ ಇದೆ. ವಿವರ ಬರದಿದ್ದರೂ ಹೆಸರುಗಳು ಜಾರ್ ಒಳಗೇ ಉಳಿಯುತ್ತವೆ.

ಹಂತ 8: ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ

ನಿಮ್ಮ ಕಂಪ್ಯೂಟರಿನಲ್ಲಿ ಬಂತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಪ್ರಾಜೆಕ್ಟ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ಅಥವಾ ಗಿಟ್‌ನಿಂದ ಹೊಸದಾಗಿ ಇಳಿಸಿ, ಸ್ನೇಹಿತರ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ಅದರ ನೆಟ್ ಆಫ್ ಮಾಡಿ. ಲೈಬ್ರರಿಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, "50 ಕ್ವಿಂಟಲ್ ಮೆಕ್ಕೆಜೋಳದ ಖರ್ಚು ಲೆಕ್ಕ ಹಾಕುವ ಒಂದು ಸಾಲು ಬರೆಯಪ್ಪಾ" ಅಂತ ಹೇಳಿ. ಏನೂ ಹೇಳಿಕೊಡಬೇಡಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ. ಅವರು ಮೌಸ್ ಇಟ್ಟು, ಓದಿ, ಹಮಾಲಿಯ ಜಾಗಕ್ಕೆ 6, ಕಮಿಷನ್ ಜಾಗಕ್ಕೆ 2 ಹಾಕಿ, 2600 ಅಂತ ಉತ್ತರ ಬಂದರೆ ಆ ಜಾರನ್ನು ಧೈರ್ಯವಾಗಿ ಮುಂದಿನ ಬ್ಯಾಚಿಗೆ ಕೊಡಬಹುದು. ಎಲ್ಲಿಯಾದರೂ ತಡೆದು ನಿಮ್ಮ ಮುಖ ನೋಡಿದರೆ, ಅವರು ನಿಂತ ಮೆಥಡ್‌ನ ಕಾಮೆಂಟ್ ತೆರೆದು ಮೊದಲ ಹಂತದಿಂದ ಶುರು ಮಾಡಿ.